ಗಿಟಾರಿನೊಳಗೊಂದು ಜೀರುಂಡೆ

ಬೆಂಗಳೂರು, ಭಾನುವಾರ, 10 ಮಾರ್ಚ್ 2024

ಹತ್ತು ದಿನಗಳಿಂದ ನನ್ನ ಗಿಟಾರಿನಲ್ಲಿ ಬಿಡಾರ ಹೂಡಿದ್ದ ಜೀರುಂಡೆ ಇಂದು ಮಧ್ಯಾಹ್ನ ಸಿಕ್ಕಿಬಿದ್ದಿತು. ಮೂರನೆಯ ತಂತಿಯನ್ನು ಮೀಟಿದೊಡನೆ ಸ್ವರದ ಬೆನ್ನಿಗೇ ‘ಜುಂಯ್’ ಎಂಬ ಸಣ್ಣ ಸದ್ದೊಂದು ಹೊರಟು, ಸ್ವರಕ್ಕಿಂತ ಮೊದಲೇ ಅಡಗಿಹೋಗುತ್ತಿತ್ತು. ಎದುರು ಕುಳಿತವರಿಗೆ ಅದು ಕೇಳುತ್ತಿತ್ತೋ ಇಲ್ಲವೋ, ಗಿಟಾರನ್ನು ಎದೆಗೆ ಒರಗಿಸಿಕೊಂಡ ನನಗಂತೂ ಬೇರೇನೂ ಕೇಳದಂತಾಗಿತ್ತು.

ಕಳೆದ ವಾರ ಅದನ್ನು ಹೆಗಲಿಗೇರಿಸಿಕೊಂಡು ರಿಪೇರಿಯವರೊಬ್ಬರ ಬಳಿಗೆ ಹೋಗಿದ್ದೆ. ಅವರು ಎರಡು ಬಾರಿ ತಂತಿ ಎಳೆದು, ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳಾದ ಫ್ರೆಟ್‌ಗಳ ಮೇಲೆ ಬೆರಳಾಡಿಸಿ, ಎಲ್ಲವೂ ಸವೆದಿವೆ, ಪೂರ್ತಿ ಹೊಸದಾಗಿ ಕೂರಿಸಬೇಕು ಎಂದು ತೀರ್ಪು ಕೊಟ್ಟು ಆರು ಸಾವಿರ ರೂಪಾಯಿ ಹೇಳಿದರು. ಎಲ್ಲಿಯೂ ಬೆರಳೊತ್ತದೆ ಖಾಲಿ ತಂತಿಯನ್ನು ಮೀಟಿದಾಗಲೂ ಬರುವ ಸದ್ದಿಗೆ ಫ್ರೆಟ್ ಹೇಗೆ ಹೊಣೆಯಾಗುತ್ತದೆ ಎಂದು ಕೇಳಬೇಕೆನ್ನಿಸಿದರೂ, ಅಂಗಡಿಯಲ್ಲಿ ಜನ ಸೇರಿದ್ದರಿಂದ ಕೇಳದೆ ಮನೆಗೆ ಮರಳಿದೆ. ಪ್ರಶ್ನೆ ಮಾತ್ರ ತಲೆಯಲ್ಲಿಯೇ ಉಳಿಯಿತು.

ಶುಕ್ರವಾರ ಶಿವರಾತ್ರಿಯ ಜಾಗರಣೆಯ ನೆಪದಲ್ಲಿ ಒಂದು ಹಾಳೆ ಹಿಡಿದು ಕುಳಿತು, ಪ್ರತಿ ತಂತಿಯ ಪ್ರತಿ ಫ್ರೆಟ್ಟನ್ನೂ ಒತ್ತಿ ನೋಡುತ್ತ, ಸದ್ದು ಬಂದಲ್ಲೆಲ್ಲ ಚುಕ್ಕೆಯಿಟ್ಟೆ. ಮೊದಲೇ ಮಾಡಬೇಕಾಗಿದ್ದ ಕೆಲಸವಿದು. ಮೂರನೆಯ ತಂತಿ ಖಾಲಿಯಿದ್ದಾಗ, ನಾಲ್ಕನೆಯ ತಂತಿಯ ಐದನೆಯ ಫ್ರೆಟ್‌ನಲ್ಲಿ, ಐದನೆಯ ತಂತಿಯ ಹತ್ತನೆಯ ಫ್ರೆಟ್‌ನಲ್ಲಿ ಚುಕ್ಕೆಗಳು ಬಿದ್ದವು. ಅವುಗಳ ಅಕ್ಕಪಕ್ಕದ ಫ್ರೆಟ್‌ಗಳೆಲ್ಲ ಶುಚಿಯಾಗಿದ್ದವು. ಹಾಳೆಯಲ್ಲಿ ಚದುರಿದಂತೆ ಕಂಡ ಈ ಮೂರು ಜಾಗಗಳೂ ಒಂದೇ ಸ್ವರದವು, 196 ಹರ್ಟ್ಸ್‌ನ ‘ಜಿ’. ಆರನೆಯ ತಂತಿಯ ಮೂರನೆಯ ಫ್ರೆಟ್‌ನಲ್ಲಿಯೂ ಸದ್ದು ನಸುವಾಗಿ ಕೇಳಿಸುತ್ತಿತ್ತು. ಅದು 98 ಹರ್ಟ್ಸ್‌ನ ಸ್ವರ, ಅದರೊಡನೆ ಹುಟ್ಟುವ ಇಮ್ಮಡಿ ಕಂಪನದ ಉಪಸ್ವರವೂ 196 ಆದುದರಿಂದ ಅಲ್ಲಿಯೂ ಜೀರುಂಡೆ ಓಗೊಡುತ್ತಿತ್ತು. ಫ್ರೆಟ್ ಎತ್ತರವಾಗಿದ್ದರೆ ಸದ್ದು ಒಂದೇ ಜಾಗಕ್ಕೆ ಅಂಟಿಕೊಳ್ಳುತ್ತದೆ, ಗಿಟಾರಿನ ಕತ್ತಿನ (ನೆಕ್) ತುದಿಯಲ್ಲಿ ತಂತಿಗಳು ಕೂರುವ ‘ನಟ್’ ಎಂಬ ಪಟ್ಟಿಯ ಕಚ್ಚು ಆಳವಾಗಿ ಸವೆದಿದ್ದರೆ ಆ ಒಂದು ಖಾಲಿ ತಂತಿಯಲ್ಲಷ್ಟೇ ಬರುತ್ತದೆ. ಇದು ಜಾಗವನ್ನು ಬಿಟ್ಟು ಸ್ವರದ ಬೆನ್ನು ಹತ್ತಿತ್ತು. ಹಾಗಾದರೆ ತಂತಿಯೂ ಫ್ರೆಟ್ಟೂ ನಿರಪರಾಧಿಗಳು, ಎಲ್ಲಿಯೋ ಸಡಿಲವಾದ ವಸ್ತುವೊಂದು ಆ ಕಂಪನಕ್ಕೆ ಕುಣಿಯುತ್ತಿದೆ ಎಂದಾಯಿತು.

ಆ ವಸ್ತು ಗಿಟಾರಿನದೇ ಆಗಿರಬೇಕೆಂದೂ ಇರಲಿಲ್ಲ. ನಿನ್ನೆ ಬೆಳಿಗ್ಗೆ ತಾರಸಿಗೆ ಒಯ್ದು ನುಡಿಸಿದಾಗ ಸದ್ದು ಅರ್ಧಕ್ಕರ್ಧ ಇಳಿಯಿತು. ಆ ಅರ್ಧ ನಡುಮನೆಯ ಷೋಕೇಸಿನ ಗಾಜಿನದು. ಹಳೆಯ ಲಗ್ನಪತ್ರಿಕೆಯೊಂದನ್ನು ಮಡಿಚಿ ಗಾಜಿನ ಸಂದಿಗೆ ತುರುಕಿದ ಮೇಲೆ ಅದು ಬಾಯಿ ಮುಚ್ಚಿತು. ಉಳಿದರ್ಧ ಗಿಟಾರಿನ ಒಳಗಿನದೇ.

ಇಂದು ಊಟವಾದ ಮೇಲೆ ಅಮ್ಮನನ್ನು ಸಹಾಯಕ್ಕೆ ಕರೆದೆ. ಚಿಕ್ಕಂದಿನಲ್ಲಿ ಎಂಟು ವರ್ಷ ವೀಣೆ ಕಲಿತವಳು ಅವಳು, ಕಿವಿ ಚುರುಕು. ಒಮ್ಮೆ ಕೇಳಿದವಳೇ, “ತಂಬೂರಿಗೆ ನೂಲು ಕೊಟ್ಟ ಹಾಗಿದೆಯಲ್ಲೋ, ಚೆನ್ನಾಗೇ ಇದೆ, ಯಾಕೆ ತೆಗೀತೀಯ?” ಎಂದಳು. ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ನೂಲಿನ ಎಳೆಯನ್ನು ಸೇರಿಸಿ, ಕೂದಲೆಳೆಯಷ್ಟು ಅತ್ತಿತ್ತ ಸರಿಸುತ್ತ ಜನ ಬೇಕೆಂದೇ ಬರಿಸಿಕೊಳ್ಳುವ ಝೇಂಕಾರವನ್ನು ನಾನು ಹೀಗೆ ಬೇಟೆಯಾಡುತ್ತಿರುವುದು ಅವಳಿಗೆ ವಿಚಿತ್ರವಾಗಿ ಕಂಡಿರಬೇಕು. ಆದರೂ ಕೆಲಸಕ್ಕೆ ಕೈಹಾಕಿದಳು. ನಾನು ಮೂರನೆಯ ತಂತಿಯನ್ನು ಒಂದೇ ಸಮನೆ ಮೀಟುತ್ತಿದ್ದೆ, ಅವಳು ಗಿಟಾರಿನ ಒಂದೊಂದು ಭಾಗವನ್ನು ಹೆಬ್ಬೆರಳಿನಿಂದ ಒತ್ತುತ್ತ ಹೋದಳು. ಆರು ಟ್ಯೂನಿಂಗ್ ಕೀಗಳು, ಅವುಗಳ ಬುಡದ ನಟ್ಟುಗಳು, ಪಟ್ಟಿ ಸಿಕ್ಕಿಸುವ ಗುಂಡಿ, ಗಿಟಾರಿನ ಕುದುರೆಯಾದ ಬ್ರಿಡ್ಜ್‌ನ ಪಿನ್ನುಗಳು, ಹಿಂಬದಿಯ ಹಲಗೆ, ಯಾವುದನ್ನು ಒತ್ತಿದರೂ ಸದ್ದು ನಿಲ್ಲಲಿಲ್ಲ. ಬ್ರಿಡ್ಜ್‌ನಿಂದ ನಾಲ್ಕು ಬೆರಳು ಕೆಳಗೆ, ದಪ್ಪ ತಂತಿಗಳ ಕಡೆಗೆ ಮೇಲ್ಹಲಗೆಯನ್ನು ಒತ್ತಿದಾಗ ಸದ್ದು ಕತ್ತರಿಸಿದಂತೆ ನಿಂತಿತು. ಕೈ ತೆಗೆದರೆ ಮತ್ತೆ ಜುಂಯ್.

ಎದೆ ಧಸಕ್ಕೆಂದಿತು. ಮೇಲ್ಹಲಗೆಯ ಅಡಿಯಲ್ಲಿ ಗುಣಾಕಾರದ ಚಿಹ್ನೆಯಂತೆ ಅಂಟಿಸಿರುವ ಮರದ ಪಟ್ಟಿಗಳ ಪೈಕಿ ಒಂದು ಬಿಟ್ಟುಕೊಂಡಿದ್ದರೆ ಅದು ದೊಡ್ಡ ರಿಪೇರಿಯೇ. ಬೆರಳಗೆಣ್ಣಿನಿಂದ ಪಟ್ಟಿಗಳ ನೇರಕ್ಕೆ ತಟ್ಟುತ್ತ ಬಂದೆ. ಅಂಟು ಬಿಟ್ಟ ಕಡೆ ಬರಬೇಕಾದ ಒಡಕು ಸದ್ದು ಎಲ್ಲಿಯೂ ಬರಲಿಲ್ಲ. ತಂತಿಗಳನ್ನೆಲ್ಲ ಸಡಿಲಿಸಿ, ಅಮ್ಮನ ಕುಂಕುಮದ ಭರಣಿಯ ಜೊತೆಗಿರುವ ಪುಟ್ಟ ಕನ್ನಡಿಯನ್ನು ಗಿಟಾರಿನ ಬಾಯಿಯೊಳಗೆ ಇಳಿಸಿ, ಮೊಬೈಲಿನ ಟಾರ್ಚ್ ಬಿಟ್ಟು ನೋಡಿದೆ. ಗಿಟಾರಿನ ಸದ್ದನ್ನು ಸ್ಪೀಕರಿಗೆ ಒಯ್ಯಲೆಂದು ಎರಡು ವರ್ಷಗಳ ಹಿಂದೆ ಹಾಕಿಸಿದ ಪಿಕಪ್‌ನ ಕರಿಯ ವೈರು ಕಾಣಿಸಿತು. ಅದನ್ನು ಪಕ್ಕದ ಹಲಗೆಗೆ ಹಿಡಿದಿಡಬೇಕಾಗಿದ್ದ ಪ್ಲಾಸ್ಟಿಕ್ ಕ್ಲಿಪ್ಪಿನ ಅಂಟು ಒಣಗಿ ಉದುರಿತ್ತು; ಕ್ಲಿಪ್ಪನ್ನು ನೇತುಹಾಕಿಕೊಂಡ ವೈರು ಕಮಾನಿನಂತೆ ಮೇಲೆದ್ದು ಮೇಲ್ಹಲಗೆಯನ್ನು ಮುಟ್ಟಿಯೂ ಮುಟ್ಟದಂತೆ ನಿಂತಿತ್ತು. ಅಕೂಸ್ಟಿಕ್ ಗಿಟಾರುಗಳ ಮೇಲ್ಹಲಗೆ ಸಾಮಾನ್ಯವಾಗಿ 200 ಹರ್ಟ್ಸ್‌ನ ಆಸುಪಾಸಿನಲ್ಲಿ ಅತಿ ಹೆಚ್ಚು ಅಲುಗುತ್ತದೆ. ‘ಜಿ’ ನುಡಿದಾಗಲೆಲ್ಲ ಹಲಗೆ ಉಬ್ಬಿ ತಗ್ಗಿ ಆ ಕ್ಲಿಪ್ಪಿನ ಅಂಚಿಗೆ ಬಡಿಯುತ್ತಿತ್ತು. ಜೀರುಂಡೆಯ ಗಾತ್ರ ನನ್ನ ಕಿರುಬೆರಳಿನ ಉಗುರಿನಷ್ಟು.

ಹಳೆಯ ಅಂಟನ್ನು ಕೆರೆದು, ಹೊಸ ಕ್ಲಿಪ್ ಅಂಟಿಸಿ, ವೈರನ್ನು ಬಿಗಿಮಾಡಿ, ತಂತಿಗಳನ್ನು ಮತ್ತೆ ಶ್ರುತಿಗೆ ತಂದಾಗ ಮೂರನೆಯ ತಂತಿ ಗಂಟೆಯಂತೆ ನುಡಿಯಿತು. ಆದರೆ ದೊಡ್ಡ ಸದ್ದು ಹೋದ ಮೇಲೆ ಅದರ ಮರೆಯಲ್ಲಿದ್ದ ಇನ್ನೊಂದು ಕೇಳಿಸತೊಡಗಿತು. ಆರನೆಯ ತಂತಿಯ ಮೊದಲ ಎರಡು ಫ್ರೆಟ್‌ಗಳಲ್ಲಿ ಗಟ್ಟಿಯಾಗಿ ಮೀಟಿದರೆ ಲೋಹಕ್ಕೆ ಲೋಹ ತಾಗುವ ಟರಟರ ಸದ್ದು. ಇದು ಬಿಸಿಲಿನ ಪಾಪ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುವುದು ವಾಡಿಕೆ. ಈ ವರ್ಷ ಅದಕ್ಕೂ ಮುಂಚೆಯೇ ಹೋಗಿ, ನನ್ನ ಕೋಣೆಯ ತೇವಾಂಶ ಮಾಪಕ ಮಧ್ಯಾಹ್ನದ ಹೊತ್ತು ಶೇ. 28 ತೋರಿಸುತ್ತಿದೆ. ಗಿಟಾರಿಗೆ ಹಿತವಾದದ್ದು ಶೇ. 45ರಿಂದ 55. ಒಣ ಹವೆಗೆ ಫ್ರೆಟ್‌ಬೋರ್ಡಿನ ಮರ ಕುಗ್ಗಿ ನೆಕ್ ಹಿಂದಕ್ಕೆ ಬಾಗುತ್ತದೆ, ಮೇಲ್ಹಲಗೆಯೂ ತುಸು ಕುಸಿದು ತಂತಿಗಳನ್ನು ಕೆಳಗಿಳಿಸುತ್ತದೆ.

ತಂತಿಗಳನ್ನೆಲ್ಲ ಒತ್ತಿಹಿಡಿಯುವ ಕೇಪೋ ಎಂಬ ಕ್ಲಿಪ್ಪನ್ನು ಮೊದಲ ಫ್ರೆಟ್‌ಗೆ ಹಾಕಿ, ಹದಿನಾಲ್ಕನೆಯದನ್ನು ಒತ್ತಿ ಹಿಡಿದು, ಏಳನೆಯ ಫ್ರೆಟ್ಟಿಗೂ ತಂತಿಗೂ ನಡುವೆ ಎಷ್ಟು ಸಂದಿಯಿದೆ ಎಂದು ನೋಡಿದರೆ ಏನೂ ಇರಲಿಲ್ಲ. 0.1ರಿಂದ 0.25 ಮಿಲಿಮೀಟರ್‌ನಷ್ಟಾದರೂ ಇರಬೇಕು. ಎದುರು ಗ್ಯಾರೇಜಿನ ಮೆಕ್ಯಾನಿಕ್‌ನಿಂದ ಬೈಕಿನ ಟ್ಯಾಪೆಟ್ ಹೊಂದಿಸುವಾಗ ತೆಳು ಲೋಹದ ಎಲೆಗಳಿಂದ ಸಂದಿ ಅಳೆಯುವ ಫೀಲರ್ ಗೇಜನ್ನು ಎರವಲು ತಂದು, ನೆಕ್‌ನ ಬಾಗನ್ನು ಹೊಂದಿಸಲು ಅದರೊಳಗಿರುವ ಟ್ರಸ್ ರಾಡ್ ಎಂಬ ಸರಳನ್ನು ಅಲೆನ್ ಕೀಯಿಂದ ಎಡಕ್ಕೆ ಒಂದು ಸುತ್ತಿನ ಎಂಟನೆಯ ಒಂದು ಭಾಗದಷ್ಟೇ ಸಡಿಲಿಸಿದೆ. ಸಂಜೆಯ ಹೊತ್ತಿಗೆ 0.10ರ ಎಲೆ ಸಲೀಸಾಗಿ ತೂರಿತು, 0.15ರದು ತಂತಿಯನ್ನು ಎತ್ತಿತು. ಇನ್ನೂ ತಿರುಗಿಸಬಹುದಿತ್ತು, ಆದರೆ ಮರ ಹೊಂದಿಕೊಳ್ಳಲು ಒಂದೆರಡು ದಿನ ಬೇಕು. ಆತುರಪಟ್ಟು ತಿರುಗಿಸಿದವರ ಕಥೆಗಳನ್ನು ಸಾಕಷ್ಟು ಕೇಳಿದ್ದೇನೆ.

ತೇವಕ್ಕೆಂದು ಸೋಪಿನ ಡಬ್ಬಿಗೆ ತೂತು ಕೊರೆದು, ನೆನೆಸಿ ಹಿಂಡಿದ ಸ್ಪಂಜಿನ ತುಂಡನ್ನು ಅದರಲ್ಲಿಟ್ಟು ಗಿಟಾರಿನ ಪೆಟ್ಟಿಗೆಯೊಳಗೆ ಸೇರಿಸಿದ್ದೇನೆ. ಫೀಲರ್ ಗೇಜನ್ನು ಬುಧವಾರ ವಾಪಸು ಕೊಡುವುದಾಗಿ ಹೇಳಿದ್ದೇನೆ. ಅಷ್ಟರೊಳಗೆ ಇನ್ನೊಮ್ಮೆ ಅಳೆಯಬೇಕು.