ಪೆಗ್ಗಿ ಕೇಳಿದ ಸಂಬಳ

ಮ್ಯಾಡ್ ಮೆನ್ ಧಾರಾವಾಹಿಯನ್ನು ನಾನು ಈಗ ಮೂರನೇ ಸಲ ನೋಡುತ್ತಿದ್ದೇನೆ. ಏಳು ಸೀಸನ್, ಒಟ್ಟು 92 ಕಂತು. ದಿನಕ್ಕೆ ಒಂದೇ ಎಂದು ನಿಯಮ ಮಾಡಿಕೊಂಡಿದ್ದೇನೆ, ಆದರೆ ಶನಿವಾರ ರಾತ್ರಿ ಅದು ಮೂರಾಗುತ್ತದೆ. ಮೊದಲ ಸಲ ನೋಡಿದ್ದು ಡಾನ್ ಡ್ರೇಪರ್‌ಗಾಗಿ. ಅವನು ಯಾರು, ಎಲ್ಲಿಂದ ಬಂದ, ಯಾಕೆ ಇಷ್ಟು ಸುಳ್ಳು ಹೇಳುತ್ತಾನೆ ಎಂದು ತಿಳಿಯುವ ಆಸೆ. ಈ ಸಲ ನೋಡುತ್ತಿರುವುದು ಪೂರ್ತಿ ಪೆಗ್ಗಿಗಾಗಿ. ಅವಳು ತನ್ನ ಸಂಬಳದ ವಿಷಯವನ್ನು ಯಾರ ಬಳಿ, ಯಾವಾಗ, ಹೇಗೆ ಎತ್ತುತ್ತಾಳೆ ಎಂದು ನೋಡುವುದಕ್ಕಾಗಿ. (ಇನ್ನೂ ನೋಡಿಲ್ಲದವರು ಇಲ್ಲೇ ನಿಲ್ಲಿಸಿದರೂ ಬೇಜಾರಿಲ್ಲ, ಮುಂದೆ ಕತೆ ಒಂದಿಷ್ಟು ಬಯಲಾಗುತ್ತದೆ.)

ಕತೆ ಶುರುವಾಗುವುದು 1960ರ ನ್ಯೂಯಾರ್ಕಿನಲ್ಲಿ, ಒಂದು ಜಾಹೀರಾತು ಕಂಪನಿಯಲ್ಲಿ. ಪೆಗ್ಗಿ ಓಲ್ಸನ್ ಅಲ್ಲಿಗೆ ಡಾನ್‌ನ ಸೆಕ್ರೆಟರಿಯಾಗಿ ಬರುತ್ತಾಳೆ. ಒಂದು ದಿನ ಲಿಪ್‌ಸ್ಟಿಕ್ ಹಚ್ಚಿಕೊಂಡು ನೋಡಲು ಆಫೀಸಿನ ಹೆಂಗಸರನ್ನು ಒಂದು ಕೋಣೆಯಲ್ಲಿ ಕೂರಿಸುತ್ತಾರೆ, ಗಂಡಸರು ಗಾಜಿನ ಆಚೆ ನಿಂತು ಅವರನ್ನು ನೋಡುತ್ತಾರೆ. ಎಲ್ಲ ಮುಗಿದ ಮೇಲೆ ಪೆಗ್ಗಿ, ತುಟಿ ಒರೆಸಿದ ಕಾಗದಗಳು ತುಂಬಿದ ಬುಟ್ಟಿ ನೋಡಿ ಇದು ಚುಂಬನಗಳ ಬುಟ್ಟಿ ಎನ್ನುತ್ತಾಳೆ. ಆ ಒಂದು ಮಾತಿನಿಂದ ಅವಳಿಗೆ ಜಾಹೀರಾತು ಬರೆಯುವ ಅವಕಾಶ ಸಿಗುತ್ತದೆ. ಮೊದಲ ಸೀಸನ್ ಮುಗಿಯುವ ಹೊತ್ತಿಗೆ ಅವಳು ಕಾಪಿರೈಟರ್.

ನಾನು ಹೇಳಬೇಕೆಂದಿರುವ ದೃಶ್ಯ ಬರುವುದು ಮೂರನೇ ಸೀಸನ್ನಿನಲ್ಲಿ. ಕತೆ ಆಗ 1963ಕ್ಕೆ ಬಂದಿರುತ್ತದೆ. ಪೆಗ್ಗಿ ಡಾನ್‌ನ ಕೋಣೆಗೆ ಹೋಗಿ ಸಂಬಳ ಜಾಸ್ತಿ ಮಾಡಿ ಎಂದು ಕೇಳುತ್ತಾಳೆ. ಒಂದೇ ಕೆಲಸ ಮಾಡುವ ಗಂಡಸಿಗೂ ಹೆಂಗಸಿಗೂ ಒಂದೇ ಸಂಬಳ ಎಂದು ಹೊಸ ಕಾನೂನು ಬಂದಿದೆ, ಪೇಪರಿನಲ್ಲಿ ಓದಿರಬಹುದು ಎಂದು ನೆನಪಿಸುತ್ತಾಳೆ. ಡಾನ್ ಕೂಗಾಡುವುದಿಲ್ಲ, ಅವಮಾನ ಮಾಡುವುದಿಲ್ಲ. ಇದು ಒಳ್ಳೆಯ ಸಮಯವಲ್ಲ, ಇಲ್ಲಿ ಪೇಪರ್ ಕ್ಲಿಪ್ಪಿಗೂ ನಾನು ಗುದ್ದಾಡಬೇಕಾಗಿದೆ ಎನ್ನುತ್ತಾನೆ. ಅಲ್ಲಿಗೆ ಮಾತು ಮುಗಿಯಿತು. ಅವನಿಗೆ ಆಗಷ್ಟೇ ಮಗು ಹುಟ್ಟಿದೆ, ಕೋಣೆಯಲ್ಲಿ ಉಡುಗೊರೆಗಳು ಬಿದ್ದಿವೆ. ಪೆಗ್ಗಿ ಅವುಗಳನ್ನು ನೋಡುತ್ತಾ, ನಿಮ್ಮ ಹತ್ತಿರ ಎಲ್ಲವೂ ಇದೆ, ಅದೂ ಎಷ್ಟೊಂದು ಇದೆ ಎನ್ನುತ್ತಾಳೆ. ಹೊಟ್ಟೆಕಿಚ್ಚಿನ ಮಾತಲ್ಲ ಅದು. ನನಗೂ ಅದು ಬೇಕು ಎನ್ನುವ ಆಸೆಯ ಮಾತು.

ಮೊದಲ ಸಲ ನೋಡಿದಾಗ ಈ ದೃಶ್ಯ ನನ್ನ ತಲೆಯಲ್ಲಿ ಉಳಿದೇ ಇರಲಿಲ್ಲ. ಆಮೇಲೆ ನನ್ನ ಆಫೀಸಿನಲ್ಲಿ ಒಂದು ಘಟನೆ ಆಯಿತು. ನನಗಿಂತ ಎರಡು ವರ್ಷ ತಡವಾಗಿ ಸೇರಿದ ಒಬ್ಬ ಸಹೋದ್ಯೋಗಿ, ನಾನೇ ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಹೇಳಿಕೊಟ್ಟವನು, ಸಾಲದ ಅರ್ಜಿ ತುಂಬಲು ಸಹಾಯ ಕೇಳಿದ. ಅರ್ಜಿಯ ಜೊತೆ ಅವನ ಸಂಬಳದ ಚೀಟಿಯೂ ಸ್ಕ್ರೀನಿನ ಮೇಲೆ ತೆರೆದಿತ್ತು. ನನಗಿಂತ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಜಾಸ್ತಿ. ನನ್ನ ಮುಖ ನೋಡಿಯೇ ಅವನಿಗೆ ಗೊತ್ತಾಯಿತು. ಪಾಪ, ಅವನು ನನಗೂ ಅಷ್ಟೇ ಬರುತ್ತದೆ ಅಂದುಕೊಂಡಿದ್ದ. ಅವನ ಮೇಲೆ ನನಗೆ ಆಗಲೂ ಸಿಟ್ಟಿರಲಿಲ್ಲ, ಈಗಲೂ ಇಲ್ಲ.

ಮೂರು ದಿನ ಸರಿಯಾಗಿ ನಿದ್ದೆ ಬರಲಿಲ್ಲ. ದುಡ್ಡಿಗಿಂತ ಜಾಸ್ತಿ ಚುಚ್ಚಿದ್ದು ಬೇರೆ: ಇಷ್ಟು ವರ್ಷ ನಾನು ಖುಷಿಯಾಗಿದ್ದೆನಲ್ಲ, ನನ್ನ ಕೆಲಸಕ್ಕೆ ಇವರು ಬೆಲೆ ಕೊಡುತ್ತಿದ್ದಾರೆ ಎಂದು ನಂಬಿದ್ದೆನಲ್ಲ, ಆ ನಂಬಿಕೆಯೇ ತಪ್ಪಾಗಿತ್ತಲ್ಲ ಎನ್ನುವುದು. ನಾಲ್ಕನೇ ದಿನ ಮೇಲಿನವರ ಬಳಿ ಹೋಗಿ ಕೇಳಿದೆ. ಎರಡು ಉತ್ತರ ಸಿಕ್ಕಿತು. ಅವನು ಹಿಂದಿನ ಕೆಲಸದಲ್ಲೇ ಜಾಸ್ತಿ ತೆಗೆದುಕೊಳ್ಳುತ್ತಿದ್ದ, ಅದಕ್ಕಿಂತ ಕಡಿಮೆ ಕೊಟ್ಟರೆ ಬರುತ್ತಿರಲಿಲ್ಲ ಎನ್ನುವುದು ಒಂದು. ಇನ್ನೊಂದು, ಈಗ ಸಮಯ ಸರಿಯಿಲ್ಲ. ಈ ಎರಡನೇ ಮಾತು ಕಿವಿಗೆ ಬಿದ್ದಾಗ ಇದನ್ನು ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು. ಮನೆಗೆ ಬಂದು ಆ ಕಂತು ಹುಡುಕಿ ಹಾಕಿಕೊಂಡೆ. ಪೆಗ್ಗಿ ಬಾಗಿಲು ದಾಟಿ ಹೊರಗೆ ಹೋಗುವಾಗ ಅತ್ತುಬಿಟ್ಟೆ.

ಆಮೇಲೆ ಆ ಕಾನೂನಿನ ಬಗ್ಗೆ ಓದಿದೆ. ಅಮೆರಿಕದ ಸಮಾನ ವೇತನ ಕಾಯ್ದೆಗೆ ಕೆನಡಿ ಸಹಿ ಹಾಕಿದ್ದು 1963ರ ಜೂನ್ 10ರಂದು. ಆದರೆ ಅದು ಜಾರಿಗೆ ಬಂದದ್ದು ಒಂದು ವರ್ಷದ ಮೇಲೆ. ಅಂದರೆ ಪೆಗ್ಗಿ ಕೇಳಿದ ದಿನ ಆ ಕಾನೂನು ಇನ್ನೂ ಕೈಗೆ ಬಂದಿರಲಿಲ್ಲ. ಅಷ್ಟೇ ಅಲ್ಲ, ಆಡಳಿತದ ಮೇಲಿನ ಹುದ್ದೆಗಳು ಮತ್ತು ವೃತ್ತಿಪರ ಕೆಲಸಗಳನ್ನು ಮೊದಲು ಆ ಕಾಯ್ದೆಯಿಂದ ಹೊರಗಿಟ್ಟಿದ್ದರು, ಅವು ಒಳಗೆ ಬಂದದ್ದು 1972ರಲ್ಲಿ. ಪೆಗ್ಗಿಯ ಕೆಲಸವನ್ನು ಯಾವ ಸಾಲಿಗೆ ಸೇರಿಸುತ್ತಿದ್ದರೋ ಅದರ ಮೇಲೆ, ಅವಳು ಇನ್ನೂ ಒಂಬತ್ತು ವರ್ಷ ಕಾಯಬೇಕಾಗುತ್ತಿತ್ತು. ಪೇಪರಿನಲ್ಲಿ ಓದಿ ಅವಳು ಎಷ್ಟು ಖುಷಿಪಟ್ಟಿರಬಹುದು ಎಂದು ನೆನೆದರೆ ಸಂಕಟವಾಗುತ್ತದೆ.

ಒಂದೇ ಕೆಲಸ ಎಂದರೆ ಏನು ಎನ್ನುವುದು ಇನ್ನೊಂದು ದೊಡ್ಡ ಪ್ರಶ್ನೆ. ಧಾರಾವಾಹಿಯ ಎರಡನೇ ಸೀಸನ್ನಿನಲ್ಲಿ ಜೋನ್‌ಗೆ ಕೆಲವು ದಿನ ಟೀವಿ ವಿಭಾಗದ ಕೆಲಸ ಸಿಗುತ್ತದೆ. ಆಫೀಸಿನ ಸೆಕ್ರೆಟರಿಗಳನ್ನೆಲ್ಲ ನೋಡಿಕೊಳ್ಳುವವಳು ಅವಳು, ಆ ಕೆಲಸದ ಜೊತೆಗೇ ಇದನ್ನೂ ಮಾಡುತ್ತಾಳೆ. ಸ್ಕ್ರಿಪ್ಟ್ ಓದುತ್ತಾಳೆ, ಯಾವ ಕಂತಿನಲ್ಲಿ ಜಾಹೀರಾತು ಹಾಕಿದರೆ ಒಳ್ಳೆಯದು ಎಂದು ಹೇಳುತ್ತಾಳೆ, ಜಾಹೀರಾತು ಕೊಡುವವರಿಗೂ ಅವಳ ಮಾತು ಹಿಡಿಸುತ್ತದೆ. ಅವಳ ಕಣ್ಣಿನಲ್ಲಿ ಹೊಳಪು ಬರುತ್ತದೆ. ಅಷ್ಟರಲ್ಲಿ ಆ ಕೆಲಸಕ್ಕೆ ಒಬ್ಬ ಗಂಡಸನ್ನು ನೇಮಿಸುತ್ತಾರೆ, ಅವನಿಗೆ ಎಲ್ಲ ಹೇಳಿಕೊಡಬೇಕಾದವಳೂ ಜೋನ್. ಅವತ್ತು ರಾತ್ರಿ ಅವಳು ಹಾಸಿಗೆಯ ಮೇಲೆ ಕೂತು, ಭುಜದ ಮೇಲೆ ಬಟ್ಟೆಯ ಪಟ್ಟಿ ಒತ್ತಿ ಮೂಡಿದ ಕೆಂಪು ಗುರುತನ್ನು ಉಜ್ಜಿಕೊಳ್ಳುತ್ತಾಳೆ. ಒಂದು ಮಾತೂ ಇಲ್ಲ. ಇಡೀ ಧಾರಾವಾಹಿಯಲ್ಲಿ ನನಗೆ ತುಂಬಾ ಹತ್ತಿರವಾದ ಕ್ಷಣ ಅದು.

ಜೋನ್ ಮಾಡಿದ್ದನ್ನು ಯಾರೂ ಕೆಲಸ ಎಂದು ಎಣಿಸಲೇ ಇಲ್ಲ, ಅಲ್ವಾ? ಇಂಗ್ಲೆಂಡಿನ ಡ್ಯಾಗನ್‌ಹ್ಯಾಮ್‌ನಲ್ಲಿ ಫೋರ್ಡ್ ಕಾರು ಕಾರ್ಖಾನೆಯಲ್ಲಿ ಸೀಟಿನ ಕವರ್ ಹೊಲಿಯುತ್ತಿದ್ದ ಹೆಂಗಸರು 1968ರ ಜೂನಿನಲ್ಲಿ ಮುಷ್ಕರ ಹೂಡಿದ್ದೂ ಇದಕ್ಕೇ. ಅವರ ಹೊಲಿಗೆಯನ್ನು ಕುಶಲ ಕೆಲಸವಲ್ಲ ಎಂದು ಕೆಳಗಿನ ದರ್ಜೆಗೆ ಹಾಕಿದ್ದರು. ಸೀಟಿಲ್ಲದೆ ಕಾರು ಹೊರಗೆ ಹೋಗುವುದಿಲ್ಲ, ಇಡೀ ಕಾರ್ಖಾನೆ ನಿಂತಿತು. ಮೂರು ವಾರದ ಮೇಲೆ ರಾಜಿಯಾದಾಗ ಗಂಡಸರ ದರದ ನೂರಕ್ಕೆ 92ರಷ್ಟು ಸಿಕ್ಕಿತು. ಎರಡು ವರ್ಷದಲ್ಲಿ ಬ್ರಿಟನ್‌ನಲ್ಲಿ ಸಮಾನ ವೇತನ ಕಾಯ್ದೆ ಬಂತು. ಆದರೆ ಅವರು ಮೊದಲು ಕೇಳಿದ್ದು ತಮ್ಮ ಕೆಲಸ ಕುಶಲ ಕೆಲಸ ಎಂದು ಒಪ್ಪಿಕೊಳ್ಳಿ ಎಂದು. ಅದು ಸಿಕ್ಕಿದ್ದು 1984ರಲ್ಲಿ, ಇನ್ನೊಂದು ಮುಷ್ಕರದ ಮೇಲೆ. ಹದಿನಾರು ವರ್ಷ! ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1951ರ ಒಪ್ಪಂದದಲ್ಲೇ "ಸಮಾನ ಮೌಲ್ಯದ ಕೆಲಸ" ಎನ್ನುವ ಮಾತಿದೆ. ಬರೀ ಒಂದೇ ಕುರ್ಚಿ, ಒಂದೇ ಹುದ್ದೆಯ ಹೆಸರು ಅಲ್ಲ, ಕೆಲಸದ ಬೆಲೆ ನೋಡಿ ಎಂದು. ಈ ಮಾತನ್ನು ಆಫೀಸಿನವರೆಲ್ಲ ಓದಬೇಕು ಎಂದು ನನ್ನ ಆಸೆ.

ಅಕ್ಕನಿಗೆ ಬ್ರಿಟನ್ ರಾಜಮನೆತನದ ಕತೆಯ ದಿ ಕ್ರೌನ್ ಧಾರಾವಾಹಿ ಅಂದರೆ ಪ್ರಾಣ. ನನ್ನ ಸಂಬಳದ ಕತೆ ಹೇಳಿದಾಗ, ಅದರಲ್ಲಿ ಎಲಿಜಬೆತ್ ರಾಣಿಯ ಪಾತ್ರ ಮಾಡಿದ ಕ್ಲೇರ್ ಫಾಯ್‌ಗೆ ಗಂಡನ ಪಾತ್ರ ಮಾಡಿದ ಮ್ಯಾಟ್ ಸ್ಮಿತ್‌ಗಿಂತ ಕಡಿಮೆ ಕೊಟ್ಟಿದ್ದರು ಎನ್ನುವುದನ್ನೂ ಹೇಳಿದೆ. ಅವಳು ನಂಬಲೇ ಇಲ್ಲ. "ಏನೇ, ಕತೆ ಪೂರ್ತಿ ರಾಣಿದೇ ಅಲ್ವಾ?" ಎಂದಳು. ನಿರ್ಮಾಪಕರೇ 2018ರಲ್ಲಿ ಒಂದು ಸಮ್ಮೇಳನದಲ್ಲಿ ಒಪ್ಪಿಕೊಂಡ ವಿಷಯ ಇದು. ಸ್ಮಿತ್ ಮೊದಲೇ ಡಾಕ್ಟರ್ ಹೂ ಎನ್ನುವ ಧಾರಾವಾಹಿ ಮಾಡಿ ಹೆಸರಾಗಿದ್ದ, ಅದಕ್ಕೆ ಜಾಸ್ತಿ ಎಂದರು. ಇನ್ನು ಮೇಲೆ ರಾಣಿಗಿಂತ ಯಾರಿಗೂ ಜಾಸ್ತಿ ಕೊಡುವುದಿಲ್ಲ ಎಂದೂ ಹೇಳಿದರು, ಆದರೆ ಮುಂದಿನ ಸೀಸನ್ನಿಗೆ ಆ ಪಾತ್ರ ಬೇರೆ ನಟಿಯ ಕೈಗೆ ಹೋಗಿತ್ತು. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಂಗೆ ಹೇಳಿದ್ದೂ ಇದೇ ಅಲ್ವೇನೇ, ಅವನು ಹಿಂದೆ ಜಾಸ್ತಿ ತಗೋತಿದ್ದ ಅಂತ" ಎಂದಳು. ಹೌದು, ಅದೇ. ಹಿಂದೆ ಎಲ್ಲೋ ಆದ ಅನ್ಯಾಯವನ್ನು ಹೊಸ ಜಾಗಕ್ಕೂ ಹೊತ್ತು ತರುವುದಕ್ಕೆ ಇದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ.

ಸಂಬಳ ಗುಟ್ಟಾಗಿರುವ ತನಕ ಇದು ಹೀಗೇ ಇರುತ್ತದೆ. ಅಮೆರಿಕದ ಲಿಲಿ ಲೆಡ್‌ಬೆಟರ್ ಟೈರ್ ಕಾರ್ಖಾನೆಯಲ್ಲಿ 19 ವರ್ಷ ದುಡಿದರು. ತಮ್ಮ ಜೊತೆಯ ಗಂಡಸರಿಗೆ ಎಷ್ಟು ಬರುತ್ತದೆ ಎಂದು ಅವರಿಗೆ ತಿಳಿದದ್ದು ಯಾರೋ ಹೆಸರು ಹಾಕದೆ ಇಟ್ಟು ಹೋದ ಒಂದು ಚೀಟಿಯಿಂದ. ಕೋರ್ಟಿಗೆ ಹೋದರು. 2007ರಲ್ಲಿ ಸುಪ್ರೀಂ ಕೋರ್ಟು, ಆ ಸಂಬಳ ನಿಗದಿಯಾದ 180 ದಿನದ ಒಳಗೇ ದೂರು ಕೊಡಬೇಕಿತ್ತು ಎಂದಿತು. ಗೊತ್ತೇ ಇಲ್ಲದ್ದಕ್ಕೆ ದೂರು ಕೊಡುವುದು ಹೇಗೆ? 2009ರಲ್ಲಿ ಅವರ ಹೆಸರಿನಲ್ಲೇ ಕಾನೂನು ಬದಲಾಯಿತು, ಪ್ರತಿ ಸಲ ಕಡಿಮೆ ಸಂಬಳ ಕೈಗೆ ಬಂದಾಗಲೂ ಗಡುವು ಹೊಸದಾಗಿ ಶುರು ಎಂದಾಯಿತು. ಅವರಿಗೆ ಮಾತ್ರ ಬಾಕಿ ದುಡ್ಡು ಬರಲಿಲ್ಲ. ಆ ಚೀಟಿ ಬರೆದವರು ಯಾರೋ, ಅವರನ್ನು ನಾನು ಆಗಾಗ ನೆನೆಯುತ್ತೇನೆ.

ಪೆಗ್ಗಿ ಐದನೇ ಸೀಸನ್ನಿನಲ್ಲಿ ಕಂಪನಿ ಬಿಡುತ್ತಾಳೆ. ಬೇರೆ ಕಂಪನಿಯವನ ಮುಂದೆ ಕಾಗದದ ಮೇಲೆ ತನಗೆ ಬೇಕಾದ್ದನ್ನು ಬರೆಯುತ್ತಾಳೆ, ವರ್ಷಕ್ಕೆ 18,000 ಡಾಲರ್. ಅವನು ಅದನ್ನು ತಿದ್ದಿ 19,000 ಮಾಡುತ್ತಾನೆ. ಅವಳು ಕಡಿಮೆ ಕೇಳಿದ್ದಳು! ಡಾನ್ ಕೊನೆಗೆ ಎಷ್ಟು ಬೇಕು ಹೇಳು ಎನ್ನುತ್ತಾನೆ, ಆದರೆ ಅಷ್ಟರಲ್ಲಿ ಅದು ದುಡ್ಡಿನ ಮಾತಾಗಿ ಉಳಿದಿರುವುದಿಲ್ಲ.

ನಾನು ಕೆಲಸ ಬಿಡಲಿಲ್ಲ, ಬಿಡುವ ಸ್ಥಿತಿಯಲ್ಲಿರಲಿಲ್ಲ. ಎರಡು ವರ್ಷದಲ್ಲಿ ಮಾಡಿದ ಕೆಲಸವನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಮತ್ತೆ ಹೋದೆ, ಮತ್ತೆ ಇಲ್ಲ ಎಂದರು, ಮೂರನೇ ಸಲ ಹೋದೆ. ಆ ಸಹೋದ್ಯೋಗಿಯೂ ನನ್ನ ಪರವಾಗಿ ಮಾತಾಡಿದ. ಎಂಟು ತಿಂಗಳ ಮೇಲೆ ಅಂತರದ ಅರ್ಧದಷ್ಟು ಸಿಕ್ಕಿತು. ಇನ್ನರ್ಧ ಬಾಕಿ ಇದೆ, ಈ ವರ್ಷ ಮತ್ತೆ ಕೇಳುತ್ತೇನೆ.

ಹೋದ ವಾರ ನಮ್ಮ ವಿಭಾಗಕ್ಕೆ ಸಂದರ್ಶನಕ್ಕೆ ಬರುವವಳಿದ್ದ ಹುಡುಗಿಯೊಬ್ಬಳು, ಪರಿಚಯದವರ ಪರಿಚಯ, ನನಗೆ ಫೋನ್ ಮಾಡಿದಳು. ಅದೂ ಇದೂ ಕೇಳಿದ ಮೇಲೆ, "ಅಕ್ಕಾ, ತಪ್ಪು ತಿಳ್ಕೋಬೇಡಿ, ಅಲ್ಲಿ ಎಷ್ಟು ಕೇಳಬಹುದು?" ಎಂದಳು. ದನಿ ತುಂಬಾ ಸಣ್ಣಗಿತ್ತು. ನಾನು ನನ್ನ ಸಂಬಳ ಹೇಳಿದೆ. ಆಮೇಲೆ ಅವನ ಸಂಬಳ ಹೇಳಿದೆ, ಅವನನ್ನು ಕೇಳಿ ಒಪ್ಪಿಗೆ ಪಡೆದುಕೊಂಡೇ ಇಟ್ಟಿದ್ದೆ. "ಎರಡನೇದು ಬರ್ಕೋ" ಎಂದೆ.