ಅಜ್ಜಿ ಗಲ್ಲದ ಹಚ್ಚೆ, ನನ್ನ ಹಳೇ ಲ್ಯಾಪ್‌ಟಾಪು ಮತ್ತೆ ಜಿಂಪು

ಆಲ್ದೂರು ಕಡೆ ದೊಡ್ಡಪ್ಪನ ಮನೇಲಿ ನಮ್ಮಜ್ಜಿದು ಅಂತ ಇರೋದು ಒಂದೇ ಒಂದು ಫೋಟೋ. ಕಪ್ಪು ಬಿಳುಪು, ನಾಲ್ಕಿಂಚು ಆರಿಂಚು ಅಷ್ಟೇ, ಮರದ ಫ್ರೇಮು. ಈ ಸಲ ಆಷಾಢದಲ್ಲಿ ತಿಥಿಗೆ ಮುಂಚೆ ಗೋಡೆಯಿಂದ ಇಳಿಸಿ ನೋಡಿದ್ರೆ ಮುಖದ ತುಂಬಾ ಬೂಷ್ಟು, ಚುಕ್ಕೆ ಚುಕ್ಕೆ, ಒಂದ್ಕಡೆ ಫೋಟೋ ಗಾಜಿಗೇ ಅಂಟ್ಕೊಂಡಿದೆ. ನಮ್ಮ ಕಡೆ ಮಳೆಗಾಲದಲ್ಲಿ ಗೋಡೆನೇ ಬೆವರುತ್ತೆ, ಫೋಟೋ ಎಲ್ಲಿ ಉಳಿಯುತ್ತೆ. ದೊಡ್ಡಪ್ಪ ಚಾಕು ತಂದು ಬಿಡಿಸೋಕೆ ಹೊರಟಿದ್ರು, ನಾನು ಬೇಡ ದೊಡ್ಡಪ್ಪ ಅಂತ ಕೈ ಹಿಡ್ಕೊಂಡೆ. ಗಾಜಿಗೆ ಅಂಟಿದ ಫೋಟೋನ ಎಳೆದ್ರೆ ಮೇಲಿನ ಪದರ ಗಾಜಿನ ಜೊತೆಗೇ ಕಿತ್ತು ಬರುತ್ತೆ, ಹಂಗೇ ಗಾಜಿನ ಸಮೇತ ಸ್ಕ್ಯಾನ್ ಮಾಡೋದೇ ಸರಿ. ಟವೆಲ್‌ನಲ್ಲಿ ಸುತ್ತಿ ಚಿಕ್ಕಮಗಳೂರಿಗೆ ತಂದು 600 ಡಿಪಿಐನಲ್ಲಿ, ಅಂದ್ರೆ ಇಂಚಿಗೆ 600 ಚುಕ್ಕೆ ಲೆಕ್ಕದಲ್ಲಿ, ಸ್ಕ್ಯಾನ್ ಮಾಡಿಸ್ದೆ. 2400 ಅಗಲ 3600 ಉದ್ದ ಪಿಕ್ಸೆಲ್ ಬಂತು, 200 ಡಿಪಿಐ ಲೆಕ್ಕದಲ್ಲಿ 12-18 ಇಂಚಿನ ಫ್ರೇಮಿಗೆ ಕರೆಕ್ಟಾಗಿ ಕೂರುತ್ತೆ. ಅದು ಗುರುವಾರ. ತಿಥಿ ಭಾನುವಾರ.

ನಾನು ಮದುವೆಗೆ ಮುಂಚೆ ಎಂಟು ವರ್ಷ ಡಿಟಿಪಿ ಅಂಗಡೀಲಿ ಕೆಲಸ ಮಾಡಿದೋಳು, ಲಗ್ನಪತ್ರಿಕೆ, ಗೃಹಪ್ರವೇಶ, ಫ್ಲೆಕ್ಸು ಎಲ್ಲಾ ಫೋಟೋಶಾಪ್‌ನಲ್ಲೇ. ಈಗ ಅದು ತಿಂಗಳ ಬಾಡಿಗೆ ಲೆಕ್ಕ, ಮನೇಲಿ ಆಗೊಂದು ಈಗೊಂದು ಕೆಲಸ ಮಾಡೋರಿಗೆ ಎಲ್ಲಿ ಗಿಟ್ಟುತ್ತೆ. ನಮ್ಮಕ್ಕನ ಮಗ ಹಾಸನದಲ್ಲಿ ಇಂಜಿನಿಯರಿಂಗ್ ಓದ್ತಿದಾನೆ, ಹೋದ ಸಲ ಬಂದಾಗ ನನ್ನ ಹಳೇ ಲ್ಯಾಪ್‌ಟಾಪಿಗೆ ಜಿಂಪ್ ಅನ್ನೋ ಫೋಟೋ ತಿದ್ದೋ ಸಾಫ್ಟ್‌ವೇರ್ ಹಾಕಿ ಹೋಗಿದ್ದ. ದುಡ್ಡಿಲ್ಲ, ಕದ್ದಿದ್ದೂ ಅಲ್ಲ ಚಿಕ್ಕಮ್ಮ, 1995ರಲ್ಲಿ ಬರ್ಕ್ಲಿ ಯುನಿವರ್ಸಿಟೀಲಿ ಇಬ್ಬರು ಸ್ಟೂಡೆಂಟ್ಸ್ ಶುರು ಮಾಡಿದ್ದು, ಮಾರನೇ ವರ್ಷನೇ ಎಲ್ಲರಿಗೂ ಬಿಟ್ಕೊಟ್ರು ಅಂತ ಹೇಳಿದ್ದ. ನಾನು ಅದನ್ನ ಅವತ್ತಿನವರೆಗೂ ತೆಗೆದೇ ಇರ್ಲಿಲ್ಲ.

ಗುರುವಾರ ರಾತ್ರಿ ಮಕ್ಕಳು ಮಲಗಿದ ಮೇಲೆ ತೆಗ್ದೆ. ಟೂಲುಗಳೆಲ್ಲ ಬೂದಿ ಬಣ್ಣ, ಸಾಸಿವೆ ಸೈಜು, ಯಾವುದು ಏನು ಅಂತ ಕಣ್ಣಿಗೇ ಹಿಡಿಯಲ್ಲ. ಕಲೆ ಅಳಿಸೋ ಹೀಲ್ ಟೂಲ್ ಹುಡುಕಿದ್ರೆ ಎಲ್ಲೂ ಇಲ್ಲ. ಅದರ ಮಧ್ಯೆ ಕೈ ತಗುಲಿ ಏನೋ ಒತ್ಕೊಂಡ್ತು ನೋಡಿ, ಎಡಗಡೆ ಟೂಲು, ಬಲಗಡೆ ಲೇಯರು, ಅಂದ್ರೆ ಒಂದರ ಮೇಲೊಂದು ಇಡೋ ಚಿತ್ರದ ಪದರಗಳ ಪಟ್ಟಿ, ಎಲ್ಲಾ ಮಾಯ. ಫೋಟೋ ಒಂದೇ ಉಳೀತು. ಮುಚ್ಚಿ ತೆಗೆದ್ರೂ ಹಂಗೇ. ಒಂದು ಗಂಟೆ ಒದ್ದಾಡಿ, ಹನ್ನೊಂದೂವರೆಗೆ ಅವನಿಗೆ ಫೋನ್ ಮಾಡ್ದೆ.

"ಏನೂ ಕಾಣಿಸ್ತಿಲ್ಲ ಕಣೋ" ಅಂದೆ.

"ಏನೂ ಕಾಣಿಸ್ತಿಲ್ಲ ಅಂದ್ರೆ ನನಗೆ ಹೆಂಗೆ ಗೊತ್ತಾಗ್ಬೇಕು ಚಿಕ್ಕಮ್ಮ. ಮೊದ್ಲು ವರ್ಷನ್ ಯಾವುದು ನೋಡು, ಹೆಲ್ಪ್ ಒಳಗೆ ಅಬೌಟ್ ಅಂತ ಇದೆ. ಆಮೇಲೆ ಸ್ಕ್ರೀನ್‌ಶಾಟ್ ಕಳಿಸು. ಕೊನೇಲಿ ಯಾವ ಕೀ ಒತ್ತಿದೆ, ಅದನ್ನ ಹೇಳು."

ವರ್ಷನ್ 2.10 ಅಂತಿತ್ತು. ಕೊನೆಗೆ ಒತ್ತಿದ್ದು, ಯೋಚನೆ ಮಾಡಿ ಹೇಳ್ದೆ, ಟ್ಯಾಬ್ ಇರ್ಬೇಕು. "ಇನ್ನೊಂದ್ಸಲ ಒತ್ತು" ಅಂದ. ಒತ್ತಿದ್ರೆ ಎಲ್ಲಾ ವಾಪಸ್! ಫೋಟೋ ದೊಡ್ಡದಾಗಿ ಕಾಣ್ಲಿ ಅಂತ ಬೇಕಂತಲೇ ಕೊಟ್ಟಿರೋ ಸೌಲಭ್ಯ ಅಂತೆ ಅದು. ಆ ಮೂರು ಪ್ರಶ್ನೆ, ಯಾವ ವರ್ಷನ್, ಏನು ಕಾಣಿಸ್ತಿದೆ, ಏನು ಒತ್ತಿದೆ, ಅದಾದ ಮೇಲೆ ನಾನು ಪ್ರತಿ ಸಲ ಇವನ್ನ ಚೀಟೀಲಿ ಬರ್ಕೊಂಡೇ ಫೋನ್ ಮಾಡಿದ್ದು. ಅರ್ಧ ಸಲ ಬರೀತಾ ಇದ್ದಂಗೇ ಉತ್ತರ ನನಗೇ ಸಿಕ್ಕಿಬಿಡ್ತಿತ್ತು.

ಶುಕ್ರವಾರ ಫೋಟೋ ಮುಟ್ಲೇ ಇಲ್ಲ. ಹೊರಗೆ ಧೋ ಅಂತ ಮಳೆ, ಕರೆಂಟು ಹೋಗೋದು ಬರೋದು, ಬ್ಯಾಟರಿ ಇದ್ದಷ್ಟು ಹೊತ್ತು ಬರೀ ಜಿಂಪನ್ನ ನನ್ನ ಕೈಗೆ ಹೊಂದಿಸೋ ಕೆಲಸ. ಫೋಟೋ ಕೆಲಸ ಬಿಟ್ಟು ಇದೇನು ಅಂತ ನಮ್ಮನೆಯವರು ಕೇಳಿದ್ರು, ಆದ್ರೆ ಮಚ್ಚು ಮಸೀದೆ ಕಾಡು ಸವರೋಕೆ ಆಗುತ್ತಾ? ಎಡಿಟ್ ಮೆನು, ಪ್ರಿಫರೆನ್ಸಸ್, ಅದರಲ್ಲಿ ಇಂಟರ್‌ಫೇಸ್. ಐಕಾನ್ ಥೀಮ್‌ನಲ್ಲಿ ಕಲರ್ ಆರಿಸಿದ ತಕ್ಷಣ ಬೂದಿ ಹೋಗಿ ಬಣ್ಣ ಬಂತು, ಸೈಜು ದೊಡ್ಡದು ಮಾಡ್ದೆ. ಟೂಲ್‌ಬಾಕ್ಸ್ ಅನ್ನೋ ಕಡೆ ಟೂಲುಗಳನ್ನ ಗುಂಪು ಮಾಡೋ ಟಿಕ್ ಇದೆ, ಅದನ್ನ ತೆಗೆದ್ರೆ ಒಂದರ ಹಿಂದೆ ಒಂದು ಅಡಗಿ ಕೂತಿದ್ದೆಲ್ಲ ಹೊರಗೆ ಬಂದ್ವು, ಹೀಲ್ ಟೂಲು, ಒಂದು ಕಡೆಯದನ್ನ ಇನ್ನೊಂದು ಕಡೆ ಹಂಗೇ ಅಂಟಿಸೋ ಕ್ಲೋನ್ ಟೂಲಿನ ಬೆನ್ನಿಗೇ ಇತ್ತು ಪಾಪ.

ಆದ್ರೆ ನಿಜವಾಗ್ಲೂ ಕಷ್ಟ ಕೊಟ್ಟಿದ್ದು ಕೀಗಳು. ಎಂಟು ವರ್ಷದ ಅಭ್ಯಾಸ, ಸೆಲೆಕ್ಷನ್ ಬಿಡಿಸೋಕೆ ನನ್ನ ಬೆರಳು ತಾನೇ ಕಂಟ್ರೋಲ್ ಡಿ ಒತ್ತುತ್ತೆ. ಜಿಂಪ್‌ನಲ್ಲಿ ಕಂಟ್ರೋಲ್ ಡಿ ಅಂದ್ರೆ ಇಡೀ ಚಿತ್ರದ ಇನ್ನೊಂದು ಕಾಪಿ. ಮೇಲೆ ನೋಡ್ತೀನಿ, ಸಾಲಾಗಿ ಆರು ಜನ ಅಜ್ಜಿ ಕೂತಿದಾರೆ. ಎಡಿಟ್ ಮೆನುವಲ್ಲೇ ಕೀಬೋರ್ಡ್ ಶಾರ್ಟ್‌ಕಟ್ಸ್ ಅಂತ ಇದೆ, ಅಲ್ಲಿ ಹುಡುಕಿ, ಬೇಕಾದ ಕೆಲಸದ ಮೇಲೆ ಕ್ಲಿಕ್ ಮಾಡಿ, ನಮಗೆ ಬೇಕಾದ ಕೀ ಒತ್ತಿದ್ರೆ ಆಯ್ತು. ಈ ಕೀ ಬೇರೆ ಕೆಲಸಕ್ಕೆ ಇದೆಯಲ್ಲ, ಬದಲಾಯಿಸ್ಲಾ ಅಂತ ಕೇಳುತ್ತೆ, ಹೂಂ ಅಂದೆ. ಹೀಲ್‌ಗೆ ಜೆ, ಕ್ಲೋನ್‌ಗೆ ಎಸ್, ಮೂವ್‌ಗೆ ವಿ. ಸಂಜೆ ಹೊತ್ತಿಗೆ ಬೆರಳು ಹಳೇ ದಾರೀಲೇ ಓಡಾಡೋಕೆ ಶುರು ಮಾಡ್ತು, ಎಷ್ಟು ಖುಷಿ ಆಯ್ತು ಅಂದ್ರೆ ಹೇಳೋಕಾಗಲ್ಲ. ಒಂದು ಮಾತ್ರ ಬದಲಾಯಿಸೋಕೆ ಹೋಗ್ಲಿಲ್ಲ, ಎಲ್ಲಿಂದ ತಗೋಬೇಕು ಅಂತ ತೋರಿಸೋಕೆ ಇಲ್ಲಿ ಆಲ್ಟ್ ಅಲ್ಲ, ಕಂಟ್ರೋಲ್ ಹಿಡಿದು ಕ್ಲಿಕ್ ಮಾಡ್ಬೇಕು, ಅದನ್ನ ಕೈಗೇ ಕಲಿಸಿದೆ.

ಶನಿವಾರ ಬೆಳಗ್ಗೆ ಐದಕ್ಕೆ ಎದ್ದು ಕೂತೆ. ಅಕ್ಕನ ಮಗ ಒಂದೇ ಒಂದು ಮಾತು ಗಟ್ಟಿಯಾಗಿ ಹೇಳಿದ್ದ, ಮೂಲ ಲೇಯರ್ ಮುಟ್ಟಬೇಡ, ಡೂಪ್ಲಿಕೇಟ್ ಮಾಡ್ಕೊಂಡು ಮೇಲಿಂದ್ರಲ್ಲಿ ಕೆಲಸ ಮಾಡು ಅಂತ. ಹಂಗೇ ಮಾಡ್ದೆ. ಚರ್ಮಕ್ಕೆ ಹೀಲ್ ತುಂಬಾ ಚೆನ್ನಾಗಿದೆ, ಪಕ್ಕದಿಂದ ತಗೊಂಡಿದ್ದನ್ನ ಅಲ್ಲಿನ ನೆರಳಿಗೆ ತಾನೇ ಹೊಂದಿಸ್ಕೊಳ್ಳುತ್ತೆ. ಆದ್ರೆ ಸೆರಗಿನ ಅಂಚಲ್ಲಿ, ಮುಖ ಮುಗಿದು ಹಿಂದಿನ ಪರದೆ ಶುರುವಾಗೋ ಕಡೆ ಹೀಲ್ ಹಾಕಿದ್ರೆ ಕಪ್ಪು ಬಿಳುಪು ಕಲಸಿ ಮಸಿ ಆಗುತ್ತೆ, ಅಲ್ಲಿ ಕ್ಲೋನೇ ಬೇಕು, ಸಣ್ಣ ಬ್ರಷ್‌ನಲ್ಲಿ, ತಾಳ್ಮೆಯಿಂದ. ಹಣೆ, ಮೂಗುಬೊಟ್ಟಿನ ಪಕ್ಕ, ಕೆನ್ನೆ, ಗಲ್ಲ, ಒಂದೊಂದೇ ಚುಕ್ಕೆ ಹೋಗ್ತಾ ಹೋಗ್ತಾ ಅಜ್ಜಿ ಮುಖ ಮಂಜಿನಿಂದ ಆಚೆ ಬಂದಂಗೆ ಬಂತು. ನಡುನಡುವೆ ಕಂಟ್ರೋಲ್ ಎಸ್ ಒತ್ತಿ ಜಿಂಪಿನದೇ ಫೈಲ್ ಆದ ಎಕ್ಸ್‌ಸಿಎಫ್ ಆಗಿ ಉಳಿಸ್ಕೊಳ್ತಾ ಇದ್ದೆ, ಲೇಯರೆಲ್ಲ ಅದರಲ್ಲೇ ಇರೋದು, ಜೆಪೆಗ್ ಬೇಕಾದ್ರೆ ಎಕ್ಸ್‌ಪೋರ್ಟ್ ಮಾಡ್ಬೇಕು.

ಹನ್ನೊಂದು ಗಂಟೆಗೆ ಅಮ್ಮನ್ನ ಕರೆದೆ. ಕನ್ನಡಕ ಹಾಕ್ಕೊಂಡು ಬಂದು ನೋಡಿದ್ರು, ಮಾತಾಡ್ಲಿಲ್ಲ, ಆಮೇಲೆ, "ಗಲ್ಲದ ಹಚ್ಚೆ ಎಲ್ಲೋಯ್ತೇ?"

ನನಗೆ ಎದೆ ಧಸಕ್ ಅಂತು. ಅಜ್ಜಿಗೆ ಗಲ್ಲದ ಮೇಲೆ ಮೂರು ಚುಕ್ಕೆ ಹಚ್ಚೆ ಇತ್ತು. ಚಿಕ್ಕೋಳಿದ್ದಾಗ ಅವರ ತೊಡೆ ಮೇಲೆ ಮಲಗಿ ಬೆರಳಲ್ಲಿ ಎಣಿಸಿದೋಳು ನಾನು, ನಾನೇ ಅದನ್ನ ಬೂಷ್ಟು ಅಂತ ಅಳಿಸಿಬಿಟ್ಟಿದ್ದೆ.

ಕೆಳಗಿನ ಲೇಯರ್‌ನಲ್ಲಿ ಹಚ್ಚೆ ಇದ್ದೇ ಇರುತ್ತೆ ತಾನೇ, ಮೇಲಿಂದನ್ನ ಅಷ್ಟು ಜಾಗದಲ್ಲಿ ಅಳಿಸಿದ್ರೆ ಆಯ್ತು ಅಂತ ಇರೇಸರ್ ಹಾಕಿದೆ. ಹಚ್ಚೆ ಬರ್ಲಿಲ್ಲ, ಗಲ್ಲದಲ್ಲಿ ಬೆಳ್ಳಗೆ ತೂತು ಬಿತ್ತು. ಅನ್‌ಡೂ ಮಾಡಿ ಚೀಟಿ ತಗೊಂಡೆ. ವರ್ಷನ್ 2.10, ಡೂಪ್ಲಿಕೇಟ್ ಲೇಯರ್ ಮೇಲೆ ಇರೇಸರ್, ಕೆಳಗಿನದು ಕಾಣೋ ಬದಲು ಬಿಳಿ ಬರ್ತಿದೆ, ಲೇಯರ್ ಕಿಟಕಿ ಸ್ಕ್ರೀನ್‌ಶಾಟ್ ಸಮೇತ ಕಳಿಸ್ದೆ. ಎರಡೇ ನಿಮಿಷಕ್ಕೆ ಉತ್ತರ ಬಂತು, ಲೇಯರ್ ಮೇಲೆ ರೈಟ್ ಕ್ಲಿಕ್ ಮಾಡಿ ಆಡ್ ಆಲ್ಫಾ ಚಾನೆಲ್ ಕೊಡು, ಜೆಪೆಗ್‌ನಿಂದ ಬಂದ ಲೇಯರ್‌ಗೆ ಪಾರದರ್ಶಕ ಆಗೋ ಗುಣ ಇರಲ್ಲ, ಅದಕ್ಕೇ ಅಳಿಸಿದಲ್ಲಿ ಹಿನ್ನೆಲೆ ಬಣ್ಣ ತುಂಬುತ್ತೆ ಅಂತ. ಕೊಟ್ಟು, ಬ್ರಷ್ ಸಣ್ಣದು ಮಾಡಿ ಮೂರೇ ಕಡೆ ಮುಟ್ಟಿದೆ. ಒಂದು, ಎರಡು, ಮೂರು. ಅಮ್ಮ ಹಿಂದೆ ನಿಂತು ನನ್ನ ಹೆಗಲು ಹಿಡ್ಕೊಂಡಿದ್ರು. ಕಪ್ಪು ಬಿಳುಪಿನ ಗಾಢತೆ ಸರಿ ಮಾಡೋ ಲೆವೆಲ್ಸ್ ಕೂಡ ಆಮೇಲೇ ಮಾಡಿದ್ದು, ಮುಂಚೇನೇ ಮೇಲಿನ ಲೇಯರ್‌ಗೆ ಮಾಡಿದ್ರೆ ಕೆಳಗಿನ ಬಣ್ಣ ಹೊಂದ್ತಾ ಇರ್ಲಿಲ್ಲ.

ಕೊನೆಗೆ ಕೆಳಗಡೆ ಹೆಸರು. ಅಜ್ಜಿ ಹೆಸರಲ್ಲಿ ಕ್ಷ ಕೆಳಗೆ ಮ ಒತ್ತು ಬರುತ್ತೆ. ಅಂಗಡೀಲಿದ್ದಾಗ ಯುನಿಕೋಡ್ ಹಾಕಿದ್ರೆ ಒತ್ತಕ್ಷರ ಒಡೆದು ಪಕ್ಕಕ್ಕೆ ಬೀಳ್ತಿತ್ತು, ಅದಕ್ಕೆ ಹಳೇ ಫಾಂಟಿಗೆ ಕನ್ವರ್ಟ್ ಮಾಡಿ ಅಂಟಿಸ್ತಿದ್ವಿ, ಆ ಭಯದಲ್ಲೇ ನೋಟೋ ಸೆರಿಫ್ ಕನ್ನಡ ಅನ್ನೋ ಯುನಿಕೋಡ್ ಫಾಂಟ್ ಆರಿಸಿ ಟೈಪ್ ಮಾಡ್ದೆ. ಒತ್ತು ಅದರ ಜಾಗದಲ್ಲಿ ಮುತ್ತಿನಂಗೆ ಕೂತಿತು.

ಪ್ರಿಂಟಿಗೆ ಹೋಗೋ ಮುಂಚೆ ಅವನು ಹೇಳಿದಂಗೆ ಜಿಂಪ್ ಸೆಟ್ಟಿಂಗ್ಸ್ ಇರೋ ಫೋಲ್ಡರ್ ಪೂರ್ತಿ ಪೆನ್‌ಡ್ರೈವಿಗೆ ಕಾಪಿ ಮಾಡ್ಕೊಂಡೆ, ಲ್ಯಾಪ್‌ಟಾಪ್ ಕೈ ಕೊಟ್ರೂ ನನ್ನ ಕೀಗಳು ಉಳೀತಾವೆ. ಭಾನುವಾರ ಫೋಟೋಗೆ ಹಾರ ಹಾಕಿದ ಮೇಲೆ ದೊಡ್ಡಪ್ಪ ಒಳಗೆ ಹೋಗಿ ಇನ್ನೊಂದು ಫ್ರೇಮ್ ತಂದು ನನ್ನ ಕೈಗೆ ಕೊಟ್ರು. ಅಜ್ಜಂದು. ಅದೂ ಗಾಜಿಗೆ ಅಂಟಿದೆ. ಮನೆಗೆ ತರೋ ಮುಂಚೆ ಅಮ್ಮನ್ನ, ದೊಡ್ಡಮ್ಮನ್ನ ಕೂರಿಸ್ಕೊಂಡು ಅಜ್ಜನ ಮುಖದಲ್ಲಿ ಎಲ್ಲೆಲ್ಲಿ ಮಚ್ಚೆ ಇತ್ತು, ಎಲ್ಲಿ ಗಾಯದ ಗುರುತಿತ್ತು ಅಂತ ಕೇಳಿ ಅದೇ ಚೀಟಿ ಹಿಂದೆ ಬರ್ಕೊಂಡೆ.