ಛತ್ರಿಯ ಒಂದೂವರೆ ಪುಟ

ಮಧ್ಯಾಹ್ನ ಕರೆಂಟ್ ಹೋತು. ಕಪಾಟಿನ್ಯಾಗಿಂದ ಆ ಹಳೇ ಕಾದಂಬರಿ ತಗದೆ. ಪ್ರೀತಿ, ನಗಿ ಎರಡೂ ಇರೂವಂಥಾದ್ದು. ಡಿಗ್ರಿ ಓದೂಮುಂದ ಒಂದ ರಾತ್ರಿಯೊಳಗ ಮುಗಿಸಿದ್ದೆ.

ಈ ಸಲ ಯಾಕೋ ಉಸಿರು ಕಟ್ಟಿದಂಗಾತು. ಸೋದರಮಾವನ ಹೊಲದ ವ್ಯಾಜ್ಯ, ಗೆಳತಿ ಮದುವಿ, ಪಂಚಾಯ್ತಿ ಇಲೆಕ್ಷನ್, ಕಳದಹೋದ ಎಮ್ಮಿ... ಆ ಹುಡುಗ, ಹುಡುಗಿ ಎಲ್ಲಿ ಅದಾರ ಅಂತ ಹುಡುಕಬೇಕು.

ನನಗ ನೆನಪಿದ್ದದ್ದು ಒಂದ ದೃಶ್ಯ. ಮಳ್ಯಾಗ ಅಂವ ಛತ್ರಿ ವಾಪಸ್ ಕೊಡಾಕ ಬರ್ತಾನ. ಆಕಿ ಬಾಗಿಲಾ ತಗೀತಾಳ. ಇಬ್ರೂ ಮಾತಾಡಂಗಿಲ್ಲ. ಛತ್ರಿ ನೀರು ಹೊಸ್ತಿಲ ಮ್ಯಾಲ ಹನಿಹನಿ ಬೀಳ್ತಿರ್ತದ.

ಹತ್ತು ಪುಟರೆ ಇರಬೇಕು ಅಂತ ತಿಳಕೊಂಡಿದ್ದೆ. ಬರೇ ಒಂದೂವರೆ ಪುಟ! ಮುಂದಿನ ಸಾಲಿನ್ಯಾಗ ಮತ್ತ ಎಮ್ಮಿ.

ನಮ್ಮ ಗೋಳಗುಮ್ಮಟದಾಗ ಗ್ವಾಡಿಗೆ ಬಾಯಿ ಹಚ್ಚಿ ಪಿಸುಗುಟ್ಟಿದ್ರ ಸುಮಾರು 120 ಅಡಿ ಆಚಿಕಡೆ ನಿಂತವರಿಗೆ ಕೇಳಸ್ತದ. ಆದ್ರ ಸಾಲಿ ಹುಡುಗ್ರು ಟ್ರಿಪ್ ಬಂದು ಎಲ್ಲಾರೂ ಒಮ್ಮೆಲೇ ಚೀರಿದ ದಿನ, ಬಾಜೂಕ ನಿಂತವರ ಮಾತೂ ತಿಳಿಯಂಗಿಲ್ಲ. ಅದ ನೆನಪಾತು ನೋಡ್ರಿ.

ಆ ಪಿಸುಮಾತು ಪುಸ್ತಕದಾಗ ಇನ್ನೂ ಅದ. ಸಂಜಿಕ ಕರೆಂಟ್ ಬಂದಮ್ಯಾಲ ಅಷ್ಟ ಇನ್ನೊಮ್ಮೆ ಓದಿದೆ.

ಪುಟದ ಮೂಲಿ ಮಡಚಿಟ್ಟೀನಿ.